ಕೊಡೆಯ ಬಾಡಿಗೆ: ಮಂಗಳೂರಿನ ವಾದಕೂಟವೊಂದರಲ್ಲಿ ಎರಡೂವರೆ ಗಂಟೆ

ತಲೆಗೆ 250 ರೂಪಾಯಿ ಕೊಟ್ಟು ಬೇರೆಯವರ ವಾದ ಕೇಳಲು ಹೋಗುತ್ತೇನೆ ಎಂದಾಗ ಮನೆಯಲ್ಲಿ ನಕ್ಕರು. ತಾಳಮದ್ದಳೆ ಪುಕ್ಕಟೆಯಾಗಿ ಕೇಳಲು ಸಿಗುವ ಊರಿನಲ್ಲಿ ಅದು ನಗುವಂಥ ಮಾತೇ ಸರಿ. ಕದ್ರಿ ಕಡೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ತಿಂಗಳಿಗೊಮ್ಮೆ ನಡೆಯುವ ಈ ವಾದಕೂಟದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಲವು ತಕರಾರುಗಳನ್ನೂ ಹೇಳಲಿಕ್ಕಿದೆ. ಕಳೆದ ಭಾನುವಾರದ ವಿಷಯ, ಸಣ್ಣ ಮಿತ್ರರಾಷ್ಟ್ರಗಳು ಮಹಾಶಕ್ತಿಯೊಂದರ ಸೈನ್ಯದ ಆಸರೆಯಲ್ಲಿಯೇ ಬದುಕುತ್ತಿವೆಯೇ ಎಂಬುದು. ಪರವಾಗಿ ಮೂವರು, ವಿರೋಧವಾಗಿ ಮೂವರು, ಒಬ್ಬೊಬ್ಬರಿಗೆ 8 ನಿಮಿಷ, ಕೊನೆಯಲ್ಲಿ ಸಭಿಕರ ಪ್ರಶ್ನೆಗಳು. ಆರಂಭದಲ್ಲೊಮ್ಮೆ, ಮುಗಿದ ಮೇಲೊಮ್ಮೆ ಕೈಯೆತ್ತಿಸಿ ಎಣಿಸುತ್ತಾರೆ.

ಕೊಟ್ಟ ಹಣಕ್ಕೆ ಮೊದಲ ನ್ಯಾಯ ಒದಗಿಸಿದ್ದು ಬಾಗಿಲಲ್ಲಿ ಕೈಗಿತ್ತ ಎಂಟು ಪುಟಗಳ ಟಿಪ್ಪಣಿ. ಅಮೆರಿಕ, ಕೆನಡಾ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟವಾದ ನ್ಯಾಟೋದ 1949ರ ಒಪ್ಪಂದದ 5ನೆಯ ವಿಧಿಯನ್ನು ಅದರಲ್ಲಿ ಪೂರ್ತಿಯಾಗಿ, ಓದಿಸಿಕೊಂಡು ಹೋಗುವ ಕನ್ನಡದಲ್ಲಿ ಕೊಟ್ಟಿದ್ದರು. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂಬ ಮಾತು ನಮಗೆಲ್ಲ ಗೊತ್ತು; ಆದರೆ ಆಗ ಪ್ರತಿಯೊಂದು ದೇಶವೂ ತನಗೆ ಅಗತ್ಯವೆಂದು ತೋರಿದ ಕ್ರಮವನ್ನು ಕೈಗೊಳ್ಳತಕ್ಕದ್ದು ಎಂದಷ್ಟೇ ವಿಧಿ ಹೇಳುತ್ತದೆ, ಯುದ್ಧಕ್ಕೆ ಇಳಿಯಲೇಬೇಕೆಂದು ಹೇಳುವುದಿಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. ಅದರ ಕೆಳಗೆ ಓಲ್ಸನ್ ಮತ್ತು ಝೆಕ್‌ಹೌಸರ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ಮಂಡಿಸಿದ ವಾದವೂ ಇತ್ತು: ಕೂಟದಲ್ಲಿ ದೊಡ್ಡವನು ತನ್ನ ಗರಜಿಗೆ ಹೇಗೂ ಖರ್ಚು ಮಾಡುತ್ತಾನಾದ್ದರಿಂದ ಸಣ್ಣವರು ತಮ್ಮ ಪಾಲಿಗಿಂತ ಕಡಿಮೆ ಹಾಕಿ ಸುಮ್ಮನಿರುತ್ತಾರೆ. ನಮ್ಮ ಫ್ಲ್ಯಾಟುಗಳ ನಿರ್ವಹಣಾ ಸಮಿತಿಯ ಸಭೆಗೆ ಒಮ್ಮೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರ ಪಕ್ಷದವರು ಬಾಲ್ಟಿಕ್ ದೇಶಗಳಿಂದ ಆರಂಭಿಸಿದರು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಿಗೆ ಸ್ವಂತದ ಯುದ್ಧವಿಮಾನಗಳಿಲ್ಲ. 2004ರಲ್ಲಿ ಕೂಟ ಸೇರಿದಂದಿನಿಂದ ಅವುಗಳ ಆಕಾಶವನ್ನು ಕಾಯುತ್ತಿರುವವರು ಮಿತ್ರರು. ಸಭೆ ತಲೆಯಾಡಿಸಿತು. ವಿರೋಧ ಪಕ್ಷದ ಎರಡನೆಯ ಭಾಷಣಕಾರ್ತಿ ಎದ್ದು ನಿಂತು, ಆ ಪಾಳಿಗೆ ಮೊದಲು ಬಂದ ವಿಮಾನಗಳು ಬೆಲ್ಜಿಯಂನವು, ಇಂದಿಗೂ ಬರುವವುಗಳಲ್ಲಿ ಹೆಚ್ಚಿನವು ಯುರೋಪಿನವೇ, ಹಾಗಿದ್ದ ಮೇಲೆ ಇದು ಮಹಾಶಕ್ತಿಯ ಆಸರೆ ಹೇಗಾಯಿತು ಎಂದು ಕೇಳಿದರು. ಮುಂದುವರಿದು, 5ನೆಯ ವಿಧಿಯನ್ನು ಇದುವರೆಗೆ ಜಾರಿಗೆ ತಂದದ್ದು ಒಂದೇ ಒಂದು ಸಲ, ಅದೂ 2001ರಲ್ಲಿ, ದಾಳಿಗೊಳಗಾದ ಅಮೆರಿಕದ ಪರವಾಗಿ ಎಂದರು. ಆಗ ಅರುವತ್ತು ಲಕ್ಷವೂ ಜನರಿಲ್ಲದಿದ್ದ ಡೆನ್ಮಾರ್ಕ್ ಅಫ್ಘಾನಿಸ್ತಾನದಲ್ಲಿ 43 ಸೈನಿಕರನ್ನು ಕಳೆದುಕೊಂಡಿತು ಎಂದು ಹೇಳಿ ಅವರು ಕುಳಿತಾಗ, ಗೋಳಿಬಜೆಯ ತಟ್ಟೆ ಹಿಡಿದು ಬರುತ್ತಿದ್ದ ಹುಡುಗನೂ ಅಲ್ಲೇ ನಿಂತ.

ಆ ಸಂಜೆಯ ಸೊಗಸು ಇದ್ದದ್ದು ಮಾತ್ರ ಪ್ರಶ್ನೋತ್ತರದಲ್ಲಿ. ಐಸ್‌ಲ್ಯಾಂಡಿಗೆ ಸೈನ್ಯವೇ ಇಲ್ಲ, ಆದರೂ ಅದು ನ್ಯಾಟೋದ ಸ್ಥಾಪಕ ಸದಸ್ಯ ಎಂದು ಪರ ಪಕ್ಷದವರು ಹೇಳಿದ್ದನ್ನು ಹಿಡಿದುಕೊಂಡು, ಬಂದರಿನಲ್ಲಿ ಟ್ರಾಲ್ ಬೋಟಿರುವ ಹಿರಿಯರೊಬ್ಬರು, ಹಾಗಾದರೆ ಬ್ರಿಟಿಷರು ಅವರ ಮೀನು ಹಿಡಿಯಲು ಬಂದಾಗ ಏನಾಯಿತು ಎಂದು ಕೇಳಿದರು. ಉತ್ತರವನ್ನೂ ಅವರೇ ಹೇಳಿದರು. ಐಸ್‌ಲ್ಯಾಂಡ್ ತನ್ನ ಮೀನುಗಾರಿಕಾ ಗಡಿಯನ್ನು 1958ರಲ್ಲಿ 12, 1972ರಲ್ಲಿ 50, 1975ರಲ್ಲಿ 200 ನಾಟಿಕಲ್ ಮೈಲಿಗೆ ಏರಿಸುತ್ತ ಹೋಯಿತು. ಅದೇ ಕೂಟದ ಬ್ರಿಟನ್ ತನ್ನ ನೌಕಾಪಡೆಯನ್ನೇ ಕಳುಹಿಸಿತು. ಐಸ್‌ಲ್ಯಾಂಡಿನ ಕಾವಲು ಹಡಗುಗಳು ಕತ್ತರಿಸುವ ಕೊಕ್ಕೆಯೊಂದನ್ನು ನೀರಿಗಿಳಿಸಿ ಎಳೆಯುತ್ತ, ಬ್ರಿಟಿಷ್ ಟ್ರಾಲರುಗಳ ಹಿಂದಿನಿಂದ ಅಡ್ಡ ಹಾಯ್ದು ಬಲೆಯ ಹಗ್ಗವನ್ನು ಕಡಿದವು. ಬಲೆ ಕಡಿದರೆ ಎಷ್ಟು ಸಾವಿರ ಹೋಗುತ್ತದೆಂದು ನಮಗೆ ಗೊತ್ತುಂಟು ಎಂದು ಅವರು ಹೇಳಿದ ಧಾಟಿಗೆ ಸಭೆಯೆಲ್ಲ ನಕ್ಕಿತು. ಕೊನೆಗೆ 1976ರಲ್ಲಿ ಬ್ರಿಟನ್ ಒಪ್ಪಿಕೊಳ್ಳಬೇಕಾಯಿತು. ಐಸ್‌ಲ್ಯಾಂಡಿನ ಕೈಯಲ್ಲಿದ್ದ ಅಸ್ತ್ರ, ಅದರ ನೆಲದಲ್ಲಿ ಅಮೆರಿಕದ ಸೈನ್ಯ ಬೀಡುಬಿಟ್ಟಿದ್ದ ಕೆಫ್ಲಾವಿಕ್ ನೆಲೆ. ಅದನ್ನು ಮುಚ್ಚಿಬಿಡುತ್ತೇವೆ, ಕೂಟವನ್ನೇ ಬಿಡುತ್ತೇವೆ ಎಂದು ಬೆದರಿಸಿದರೆ ಸಾಕಿತ್ತು. ಆದರೆ 2006ರಲ್ಲಿ ಅಮೆರಿಕಕ್ಕೆ ಆ ನೆಲೆ ಬೇಡವಾದಾಗ, ಇರಿ ಎಂದು ಐಸ್‌ಲ್ಯಾಂಡ್ ಕೇಳಿಕೊಂಡರೂ ಸೈನ್ಯ ಹೊರಟುಹೋಯಿತು. ಬಾಡಿಗೆದಾರನಿಗೂ ಮನೆಯೊಡೆಯನಿಗೂ ನಡುವೆ ಯಾರ ಕೈ ಮೇಲು ಎಂಬುದು ಆಯಾ ಕಾಲದ ಗರಜನ್ನು ಅವಲಂಬಿಸಿತ್ತು ಎಂಬ ಈ ಅಂಶ ಆರು ಮಂದಿ ಭಾಷಣಕಾರರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಹವ್ಯಾಸಿ ಅರ್ಥಧಾರಿಯೊಬ್ಬರು ಎದ್ದು, ಪಟ್ಟವೇರಿದ ಸುಗ್ರೀವ ಮಳೆಗಾಲ ಮುಗಿದರೂ ಮಾತು ಮರೆತು ಕುಳಿತಾಗ ಬಿಲ್ಲು ಹಿಡಿದು ಬಂದ ಲಕ್ಷ್ಮಣನೇ ಇಂದಿನ ವಾಷಿಂಗ್ಟನ್ ಎಂದರು. ಚಪ್ಪಾಳೆ ಜೋರಾಗಿತ್ತು. ವಾಲಿಯನ್ನು ಮರೆಯಲ್ಲಿ ನಿಂತು ಕೊಂದವನ ಲೆಕ್ಕ ಏನು ಎಂದು ಕೇಳಬೇಕೆನ್ನಿಸಿತು. ಮೈಕು ನನ್ನ ಸಾಲಿಗೆ ಬರಲಿಲ್ಲ.

ಈಗ ತಕರಾರು. ನಿರ್ವಾಹಕರಿಗೆ ಗಂಟೆ ಬಾರಿಸುವ ಧೈರ್ಯವಿರಲಿಲ್ಲ. ಒಬ್ಬರು 1971ರ ಭಾರತ–ಸೋವಿಯತ್ ಒಪ್ಪಂದಕ್ಕೆ ಜಾರಿ 8 ನಿಮಿಷವನ್ನು 14 ಮಾಡಿಕೊಂಡರು. ಎರಡು ಮೈಕುಗಳಲ್ಲಿ ಒಂದು ಕೆಟ್ಟಿತ್ತು, ಮೇಲಿನ ತಗಡಿನ ಮೇಲೆ ಮಳೆ ಹೊಯ್ದಾಗ ಇನ್ನೊಂದೂ ಕೇಳಿಸಲಿಲ್ಲ. ಇವನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು, ನ್ಯಾಟೋದ ಪ್ರತಿ ದೇಶ ತನ್ನ ಒಟ್ಟು ದೇಶೀಯ ಉತ್ಪನ್ನದಲ್ಲಿ ರಕ್ಷಣೆಗೆ ಎಷ್ಟು ಖರ್ಚು ಮಾಡಬೇಕೆಂಬ ಶೇಕಡಾ ಲೆಕ್ಕದಲ್ಲಿ ಇಡೀ ವಾದ ಸಿಕ್ಕಿಕೊಂಡದ್ದು: 2014ರಲ್ಲಿ ಒಪ್ಪಿದ ಶೇ. 2, 2025ರಲ್ಲಿ ಹೇಗ್‌ನಲ್ಲಿ ಒಪ್ಪಿದ, 2035ಕ್ಕೆ ಮುಟ್ಟಬೇಕಾದ ಶೇ. 5. ದುಡ್ಡು ಯಾರದು ಎಂದು ಎಲ್ಲರೂ ಕೇಳಿದರು, ತೀರ್ಮಾನ ಯಾರದು ಎಂದು ಯಾರೂ ಕೇಳಲಿಲ್ಲ. ಅಣ್ವಸ್ತ್ರದ ಹಡಗುಗಳಿಗೆ ಬಂದರು ಕೊಡುವುದಿಲ್ಲವೆಂದ ನ್ಯೂಜಿಲೆಂಡಿಗೆ 1986ರಲ್ಲಿ ಅಮೆರಿಕ ತನ್ನ ರಕ್ಷಣೆಯ ಭರವಸೆಯನ್ನು ಅಮಾನತು ಮಾಡಿದ ಪ್ರಸಂಗ ಬರಲೇ ಇಲ್ಲ. ಅಷ್ಟು ದೂರವೇಕೆ? 1799ರಲ್ಲಿ, ನಮ್ಮ ಮಂಗಳೂರು ಸೇರಿದ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ವರ್ಷವೇ, ಮೈಸೂರು ಸಹಾಯಕ ಸೈನ್ಯ ಪದ್ಧತಿಗೆ ಸಹಿ ಹಾಕಿ, ತನ್ನನ್ನು ಕಾಯುವ ಪರರ ಸೈನ್ಯಕ್ಕೆ ವರ್ಷಕ್ಕೆ 7 ಲಕ್ಷ ಪಗೋಡ ತೆರಲು ಒಪ್ಪಿತು. 1831ರಲ್ಲಿ ಆಡಳಿತವೇ ಕೈಬಿಟ್ಟು, ಮರಳಿ ಸಿಕ್ಕಿದ್ದು 1881ರಲ್ಲಿ. ತಾನೇ ಕೇಳಿ ಸೇರಿದ ಐಸ್‌ಲ್ಯಾಂಡಿಗೂ ಸೋತ ಯುದ್ಧದಿಂದ ಎದ್ದ ಮೈಸೂರಿಗೂ ಹೋಲಿಕೆ ಪೂರ್ತಿ ಕೂಡುವುದಿಲ್ಲ ನಿಜ, ಆದರೆ ಮಂಗಳೂರಿನಲ್ಲಿ ಕುಳಿತು ಈ ವಿಷಯ ಮಾತಾಡುವಾಗ ಇದು ಯಾರ ಬಾಯಲ್ಲೂ ಬಾರದ್ದು ತಯಾರಿಯ ಕೊರತೆ.

ಮೊದಲು ಪರವಾಗಿ ಎದ್ದ ಕೈಗಳು 29, ಕೊನೆಯಲ್ಲಿ 17. ಬದಲಾಯಿಸಿದವರಲ್ಲಿ ನಾನೂ ಒಬ್ಬ, ಬೋಟಿನವರ ದೆಸೆಯಿಂದ. ಗೋಳಿಬಜೆ ಬಿಸಿಯಾಗಿತ್ತು, ಚಟ್ನಿ ನೀರಾಗಿತ್ತು. ಲಿಫ್ಟ್ ಇಲ್ಲದ್ದರಿಂದ ಮಂಡಿನೋವಿರುವವರು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಮುಂದಿನ ತಿಂಗಳಿಗೂ ಹಣ ಕಟ್ಟಿ ಬಂದಿದ್ದೇನೆ. ಆಗ ಕಿಟಕಿಯ ಪಕ್ಕದ ಸಾಲನ್ನು ಬಿಟ್ಟು, ಮೈಕು ಮೊದಲು ತಲುಪುವ ಮಧ್ಯದ ಸಾಲಿನಲ್ಲಿ ಕೂರುತ್ತೇನೆ.