ಎರಡು ಲಾರಿ, ಎರಡು ಆಯಿಲ್, ಮೂರು ಥರದ ಡೀಸೆಲ್

ಮೊದಲೇ ಹೇಳಿಬಿಡುತ್ತೇನೆ. ಬಿಎಸ್-6, ಅಂದರೆ ಹೊಸ ಹೊಗೆ ನಿಯಮದ ಲಾರಿ ಇದ್ದರೆ ಎಂಜಿನ್‌ಗೆ ಸಿಕೆ-4 ದರ್ಜೆಯ ಆಯಿಲ್ ಹಾಕಿ. ಡೀಸೆಲ್ ಮಾತ್ರ ಮಾಮೂಲಿದೇ ಸಾಕು. ನಾನು ಮಾಡಿದ್ದು ಇದರ ಉಲ್ಟಾ. ಆಯಿಲ್‌ನಲ್ಲಿ ಕಾಸು ಉಳಿಸಿದೆ, ಡೀಸೆಲ್‌ಗೆ ಜಾಸ್ತಿ ಸುರಿದೆ.

ನಮ್ಮದು ದಾವಣಗೆರೆ. ಎರಡು ಲಾರಿ ಇವೆ. 2018ರ ಬಿಎಸ್-4 ಹತ್ತು ಚಕ್ರದ್ದು ಒಂದು, 2021ರ ಬಿಎಸ್-6 ಹನ್ನೆರಡು ಚಕ್ರದ್ದು ಇನ್ನೊಂದು. ಹಳೆಯದಕ್ಕೆ ಡ್ರೈವರ್ ಇದ್ದಾನೆ, ಹೊಸದನ್ನು ನಾನೇ ಓಡಿಸುತ್ತೇನೆ. ಹೆಚ್ಚಿನ ಲೋಡ್ ಮೆಕ್ಕೆಜೋಳ, ಇಲ್ಲಿಂದ ನಾಮಕ್ಕಲ್ ಕಡೆಯ ಕೋಳಿ ಫೀಡ್ ಮಿಲ್ಲುಗಳಿಗೆ. ಹೋಗಿ ಬಂದರೆ ಸಾವಿರ ಕಿಲೋಮೀಟರ್ ಮೇಲೆಯೇ ಆಗುತ್ತೆ.

ಹೊಸ ಲಾರಿಯ ಕಂಪನಿ ಸರ್ವೀಸ್ ಮುಗಿದ ಮೇಲೆ ಹೊರಗಿನ ಗ್ಯಾರೇಜಿಗೆ ಹೋದೆ. ಹಳೆ ಲಾರಿಯನ್ನು ಮೊದಲಿಂದ ನೋಡಿಕೊಂಡ ಮೇಸ್ತ್ರಿಯೇ. "ಅಣ್ಣಾ, ಎರಡಕ್ಕೂ ಒಂದೇ ಆಯಿಲ್ ಹಾಕ್ರೀ. ಅದೂ 15ಡಬ್ಲ್ಯೂ-40, ಇದೂ 15ಡಬ್ಲ್ಯೂ-40. ಸುಮ್ನೆ ಯಾಕೆ ಜಾಸ್ತಿ ದುಡ್ಡು ಕೊಡ್ತೀರಿ?" ಅಂದ. ಮಾತು ಸರಿಯಾಗಿಯೇ ಕಂಡಿತು. ಬಕೆಟ್ ಮೇಲೆ ದಪ್ಪಕ್ಷರದಲ್ಲಿ ಇರೋದು ಆ 15ಡಬ್ಲ್ಯೂ-40 ಒಂದೇ, ಆಯಿಲ್ ಎಷ್ಟು ಮಂದ ಅನ್ನೋದರ ಗುರುತು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಆಯಿಲ್‌ನ ದರ್ಜೆ, ಸಿಐ-4 ಪ್ಲಸ್ ಅಂತಲೋ ಸಿಕೆ-4 ಅಂತಲೋ ಬರೆದಿರುತ್ತಾರೆ. ಅದನ್ನು ಯಾರು ಓದುತ್ತಾರೆ? ನಾನಂತೂ ಓದಲಿಲ್ಲ.

20 ಲೀಟರ್ ಬಕೆಟ್‌ಗೆ ಸಿಐ-4 ಪ್ಲಸ್ ನನಗೆ 6,400ಕ್ಕೆ ಸಿಕ್ಕಿತು. ಸಿಕೆ-4ಗೆ 8,300 ಕೇಳಿದ್ದರು. ಮೂರು ಸಲ ಬದಲಿಸಿದೆ, ಅಂದರೆ 5,700 ರೂಪಾಯಿ ಉಳಿಸಿದೆ. ಬಕೆಟ್ ಮುಚ್ಚಳದ ಒಳಗೆ ಒಂದು ಕೂಪನ್ ಇರುತ್ತೆ. ಮೇಸ್ತ್ರಿ ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಅವನ ಲೆಕ್ಕಕ್ಕೆ ಪಾಯಿಂಟ್ ಬೀಳುತ್ತೆ. ಅವನು ಯಾವ ಬಕೆಟ್ ಕಡೆ ಕೈ ತೋರಿಸುತ್ತಾನೆ ಅನ್ನೋದಕ್ಕೆ ಅದೂ ಒಂದು ಕಾರಣ. ತಪ್ಪು ಅನ್ನಲ್ಲ, ಅವನ ಹೊಟ್ಟೆಪಾಡು. ಆದರೆ ಡಿಪಿಎಫ್ ನನ್ನದು ತಾನೇ?

ಬಿಎಸ್-6 ಲಾರಿಯ ಸೈಲೆನ್ಸರ್ ಜಾಗದಲ್ಲಿ ಒಂದು ದೊಡ್ಡ ಡಬ್ಬ ಇರುತ್ತಲ್ಲ, ಅದರೊಳಗೆ ಹೊಗೆಯ ಮಸಿ ಹಿಡಿಯುವ ಜರಡಿ ಇದೆ. ಅದೇ ಡಿಪಿಎಫ್. ಮಸಿ ತುಂಬಿದಾಗ ಲಾರಿ ತಾನೇ ಅದನ್ನು ಕಾಯಿಸಿ ಸುಟ್ಟುಕೊಳ್ಳುತ್ತೆ. ಹೈವೇಯಲ್ಲಿ ಒಂದೇ ಸಮನೆ ಓಡುತ್ತಿದ್ದರೆ ಗೊತ್ತೂ ಆಗಲ್ಲ. ನಿಂತು ನಿಂತು ಓಡಿದರೆ ಮಾತ್ರ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತೆ. ಆಗ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ವಿಚ್ ಒತ್ತಿ ಹಿಡಿಯಬೇಕು. ಎಂಜಿನ್ ತಾನೇ ರೇಸ್ ಆಗುತ್ತೆ. ಅರ್ಧ ಗಂಟೆ, ಕೆಲವು ಸಲ ಮುಕ್ಕಾಲು ಗಂಟೆ ಕಾಯಬೇಕು. ಅಷ್ಟು ಹೊತ್ತೂ ಡೀಸೆಲ್ ಉರಿಯುತ್ತೆ, ಗಾಡಿ ಒಂದು ಅಡಿಯೂ ಮುಂದೆ ಹೋಗಲ್ಲ.

ಮೊದಮೊದಲು ತಿಂಗಳಿಗೆ ಒಂದು ಸಲ ಹತ್ತುತ್ತಿದ್ದ ದೀಪ ಆಮೇಲೆ ವಾರಕ್ಕೊಂದು ಸಲ ಹತ್ತತೊಡಗಿತು. ಮೂರನೇ ಬಕೆಟ್ ಮುಗಿಯುವ ಹೊತ್ತಿಗೆ ಎರಡು ದಿನಕ್ಕೊಮ್ಮೆ. ಅದಕ್ಕೆ ಹೊತ್ತು ಗೊತ್ತು ಏನೂ ಇಲ್ಲ. ಟೋಲ್ ಸಾಲಿನಲ್ಲಿ ಹತ್ತುತ್ತೆ, ಊಟಕ್ಕೆ ಕೂತು ಎದ್ದಾಗ ಹತ್ತುತ್ತೆ.

ಒಂದು ಸಲ ಎಪಿಎಂಸಿ ಯಾರ್ಡ್‌ನಲ್ಲೇ ಹತ್ತಿತು. ಸುಗ್ಗಿ ಕಾಲ. ತೂಕದ ಕಾಟಾ ಮುಂದೆ ಹದಿನೈದು ಲಾರಿಯ ಸಾಲು. ಹೇಗೂ ನಿಂತೇ ಇದ್ದೇನೆ, ಕೆಲಸ ಮುಗಿಸಿಕೊಳ್ಳೋಣ ಅಂತ ಸ್ವಿಚ್ ಒತ್ತಿದೆ. ಎಂಜಿನ್ ಗುಂಯ್ ಅಂತ ಏರಿತು. ಎರಡು ನಿಮಿಷವೂ ಆಗಿರಲಿಲ್ಲ, ಹಮಾಲಿಯೊಬ್ಬ ಓಡಿ ಬಂದು ಬಾಗಿಲು ಬಡಿದ. "ಏನಣ್ಣಾ, ಯಾರ್ಡಿಗೇ ಬೆಂಕಿ ಹಚ್ತೀಯೇನು?" ಇಳಿದು ನೋಡಿದರೆ ಹೊಗೆ ಕೊಳವೆ ಬಾಯಿ ಇರೋ ಕಡೆ ಜೋಳದ ಸಿಪ್ಪೆ, ರವದಿ, ಹರಿದ ಗೋಣಿಚೀಲದ ರಾಶಿ. ಮಸಿ ಸುಡುವಾಗ ಆ ಡಬ್ಬದೊಳಗೆ 600 ಡಿಗ್ರಿ ಹತ್ತಿರ ಕಾವು ಇರುತ್ತೆ. ಒಣ ಹುಲ್ಲು, ಕಸದ ಮೇಲೆ ನಿಲ್ಲಿಸಿ ಮಾಡಬೇಡಿ ಅಂತ ಲಾರಿ ಪುಸ್ತಕದಲ್ಲೇ ಇದೆ. ಸ್ವಿಚ್ ಆಫ್ ಮಾಡಿ, ಸಾಲು ಬಿಟ್ಟು, ಗೇಟಿನ ಹೊರಗೆ ಡಾಂಬರು ರಸ್ತೆ ಪಕ್ಕ ನಿಲ್ಲಿಸಿ ಮುಗಿಸಿಕೊಂಡು ಬಂದೆ. ಸಾಲಿನಲ್ಲಿ ಕೊನೆಯವನಾದೆ. ಅವತ್ತು ಲೋಡ್ ಆಗಿದ್ದು ರಾತ್ರಿ ಹನ್ನೊಂದಕ್ಕೆ.

ಕೊನೆಗೆ ನಾಮಕ್ಕಲ್‌ನಿಂದ ವಾಪಸ್ ಬರುವಾಗ ತೊಪ್ಪೂರು ಘಾಟಿಯಲ್ಲಿ ಕೈಕೊಟ್ಟಿತು. ಲಾರಿ ಖಾಲಿ. ಆದರೂ ಎಳೆತ ಇಲ್ಲ. ಎರಡನೇ ಗೇರಿನಲ್ಲಿ ಆಮೆ ಹಾಗೆ ಹತ್ತಿದೆ. ದೀಪದ ಜೊತೆ ಇನ್ನೂ ಎರಡು ದೀಪ. ಹಿಂದಿನ ಲಾರಿಯವರ ಹಾರ್ನ್ ಬೇರೆ.

ಸರ್ವೀಸ್ ಸೆಂಟರಿನಲ್ಲಿ ಡಿಪಿಎಫ್ ಬಿಚ್ಚಿದರು. ಹುಡುಗನೊಬ್ಬ ಅದನ್ನು ತಗಡಿನ ಮೇಲೆ ಮೆಲ್ಲಗೆ ತಟ್ಟಿ ತೋರಿಸಿದ. ಕಪ್ಪು ಮಸಿ ಬೀಳುತ್ತೆ ಅಂದುಕೊಂಡಿದ್ದೆ. ಬಿದ್ದದ್ದು ಒಲೆ ಬೂದಿಯಂಥ ಬೂದುಬಣ್ಣದ ಪುಡಿ. ಬೆರಳಿಗೆ ಹಿಟ್ಟಿನ ಹಾಗೆ ಅಂಟಿತು. "ಸರ್, ಮಸಿ ಸುಡುತ್ತೆ. ಬೂದಿ ಸುಡಲ್ಲ. ಇದು ಆಯಿಲ್ ಬೂದಿ" ಅಂದ. ಆಗ ತಲೆಗೆ ಹೋಯಿತು. ನಾನು ಆರು ತಿಂಗಳು ಸ್ವಿಚ್ ಒತ್ತಿ ಒತ್ತಿ ಸುಡಲು ನೋಡುತ್ತಿದ್ದದ್ದು ಸುಡಲಾಗದ ವಸ್ತುವನ್ನು.

ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಆಯಿಲ್ ಕುಡಿದೇ ಕುಡಿಯುತ್ತೆ. ಆಯಿಲ್ ಸುಟ್ಟುಹೋದರೂ ಅದರಲ್ಲಿ ಬೆರೆಸಿದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು ಹೋಗಲ್ಲ, ಬೂದಿಯಾಗಿ ಜರಡಿಯಲ್ಲಿ ಕೂರುತ್ತೆ. ಸಿಐ-4 ಬಂದ ಕಾಲದಲ್ಲಿ ಡೀಸೆಲ್‌ನಲ್ಲಿ ಗಂಧಕ ಜಾಸ್ತಿ. ಅದು ಉರಿದು ಆಮ್ಲ ಆಗುತ್ತೆ, ಆಮ್ಲ ಕೊಲ್ಲಲು ಆಯಿಲ್‌ನಲ್ಲಿ ಈ ಮಸಾಲೆ ಬೇಕಿತ್ತು. ಈಗ 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕ್‌ಗಳಲ್ಲೂ ಬಿಎಸ್-6 ಡೀಸೆಲ್. ಹತ್ತು ಲಕ್ಷ ಪಾಲಿಗೆ ಗಂಧಕ ಬರೀ 10 ಪಾಲು. ಬಿಎಸ್-4ರಲ್ಲಿ 50 ಇತ್ತು, ಬಿಎಸ್-3ರಲ್ಲಿ 350. ಹಾಗಾಗಿ ಮಸಾಲೆ ಕಡಿಮೆ ಸಾಕು. ಸಿಕೆ-4ರಲ್ಲಿ ಬೂದಿ ನೂರಕ್ಕೆ 1 ಪಾಲು ಮೀರಬಾರದು ಅಂತ ಕಟ್ಟುನಿಟ್ಟಿದೆ. ಸಿಐ-4ಗೆ ಅಂಥ ಮಿತಿಯೇ ಇಲ್ಲ.

ಬಿಲ್ 38,000. ಲಾರಿ ಮೂರು ದಿನ ನಿಂತಿತು, ಒಂದು ಲೋಡ್ ಬೇರೆಯವರ ಪಾಲಾಯಿತು. ತಪ್ಪೆಲ್ಲ ಆಯಿಲ್‌ದೇ ಅಂತ ಹೇಳಲ್ಲ. ಕಾಟಾ ಮುಂದೆ ಎಂಜಿನ್ ಆಫ್ ಮಾಡದೆ ಗಂಟೆಗಟ್ಟಲೆ ನಿಂತದ್ದೂ ಸೇರಿದೆ ಅಂದರು. ಒಪ್ಪಿಕೊಂಡೆ. ಮೇ ತಿಂಗಳಲ್ಲಿ ಕ್ಯಾಬಿನ್ ಒಳಗೆ ಕೂತು ನೋಡಿ, ಬ್ಲೋವರ್ ಆಫ್ ಮಾಡೋಕೆ ಮನಸ್ಸು ಬರುತ್ತಾ?

ಅಂದಿನಿಂದ ಸಿಕೆ-4. ಈಗ 90,000 ಕಿಲೋಮೀಟರ್ ಆಗಿದೆ. ದೀಪ ಹತ್ತೋದು ಮತ್ತೆ ತಿಂಗಳಿಗೆ ಒಂದು ಸಲಕ್ಕೆ ಬಂದಿದೆ. ಮೇಸ್ತ್ರಿಗೆ ಸಮಾಧಾನ ಇಲ್ಲ. "ಇದರ ಟಿಬಿಎನ್ ಕಡಿಮೆ ಅಣ್ಣಾ, ಬೇಗ ಕಪ್ಪಾಗುತ್ತೆ" ಅಂತಾನೆ. ಟಿಬಿಎನ್ ಅಂದರೆ ಅದೇ ಆಮ್ಲ ಕೊಲ್ಲುವ ಶಕ್ತಿ. ಈ ಡೀಸೆಲ್‌ಗೆ ಅಷ್ಟು ಬೇಕಿಲ್ಲ. ಕಪ್ಪಾಗೋದು ಮಸಿಯನ್ನು ಎಂಜಿನ್ ಗೋಡೆಗೆ ಅಂಟದ ಹಾಗೆ ಆಯಿಲ್ ತನ್ನೊಳಗೆ ಹಿಡಿದುಕೊಂಡಿರೋದಕ್ಕೆ. ಡೀಸೆಲ್ ಎಂಜಿನ್‌ನಲ್ಲಿ ಕಪ್ಪಾಗದ ಆಯಿಲ್ ನೋಡಿದರೆ ನನಗೇ ಅನುಮಾನ ಬರುತ್ತೆ. ಗೇಜ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿ ಆಯಿಲ್ ಜಾತಕ ಹೇಳೋ ಹಳೇ ಡ್ರೈವರ್‌ಗಳ ಜೊತೆ ಈ ವಾದ ಮಾಡಬೇಡಿ, ಗೆಲ್ಲಲ್ಲ.

10ಡಬ್ಲ್ಯೂ-30 ಹಾಕಿದರೆ ಮೈಲೇಜ್ ಬರುತ್ತೆ ಅನ್ನುವವರೂ ಇದ್ದಾರೆ. ನನ್ನ ಲಾರಿ ಪುಸ್ತಕದಲ್ಲಿ 15ಡಬ್ಲ್ಯೂ-40 ಅಂತ ಇದೆ, ಮುಗಿಯಿತು. ಒಂದೇ ತಕರಾರು: ನನ್ನ ಎಂಜಿನ್‌ಗೆ 22 ಲೀಟರ್ ಹಿಡಿಯುತ್ತೆ, ಬಕೆಟ್ 20 ಲೀಟರ್. ಪ್ರತಿ ಸಲ ಎರಡು ಲೀಟರ್ ಬಿಡಿ ಕ್ಯಾನ್ ದುಬಾರಿ ಬೆಲೆಗೆ ತರಬೇಕು.

ಇನ್ನು ಡೀಸೆಲ್. ಆಯಿಲ್‌ನಲ್ಲಿ ಉಳಿಸುತ್ತಿದ್ದ ಕಾಲದಲ್ಲೇ ದೀಪದ ಕಾಟ ತಪ್ಪಲಿ ಅಂತ ಪ್ರೀಮಿಯಂ ಡೀಸೆಲ್ ಹಾಕಿಸಿದೆ. ಲೀಟರ್‌ಗೆ ನಾಲ್ಕು ರೂಪಾಯಿ ಜಾಸ್ತಿ ಕೊಟ್ಟೆ. ನಾಲ್ಕು ಟ್ಯಾಂಕ್ ಲೆಕ್ಕ ಇಟ್ಟೆ. ಮಾಮೂಲಿಯಲ್ಲಿ ಹೋಗಿ ಬರುವ ಸರಾಸರಿ ಲೀಟರ್‌ಗೆ 3.8 ಕಿಲೋಮೀಟರ್ ಬರುತ್ತಿತ್ತು, ಪ್ರೀಮಿಯಂನಲ್ಲಿ 3.85. ಕೊಟ್ಟ ದುಡ್ಡು ಹುಟ್ಟಬೇಕಾದರೆ 3.95 ದಾಟಬೇಕಿತ್ತು. ಆ ಐದು ಪಾಯಿಂಟ್ ಕೂಡ ಎದುರುಗಾಳಿ, ಟೈರ್ ಗಾಳಿ, ನನ್ನ ಕಾಲು, ಯಾವುದರಿಂದಲೂ ಬರಬಹುದು. ಇಂಜೆಕ್ಟರ್ ಚೊಕ್ಕಟ ಇಡುತ್ತೆ ಅನ್ನೋದು ನಿಜವೇ ಇರಬಹುದು. ಆದರೆ ಬೂದಿ ತೆಗೆಯಲ್ಲ.

ಬ್ಯಾರಲ್ ಡೀಸೆಲ್ ಒಂದೇ ಸಲ ಹಾಕಿಸಿದ್ದು, ಹೈವೇ ಪಕ್ಕದ ಒಂದು ಶೆಡ್‌ನಲ್ಲಿ. ಆರು ರೂಪಾಯಿ ಕಡಿಮೆ. ಬಯೋಡೀಸೆಲ್ ಮಿಕ್ಸ್ ಅಂದರು. ಮಾರನೇ ದಿನ ಫಿಲ್ಟರ್ ಕೆಳಗಿನ ತಿರುಪು ಬಿಚ್ಚಿ ನೀರಿನ ಬಾಟಲಿಗೆ ಬಿಟ್ಟೆ. ಅಡಿಯಲ್ಲಿ ಎರಡು ಬೆರಳು ನೀರು, ಮೇಲೆ ಡೀಸೆಲ್. ಏರ್ ತೆಗೆಯಲು ಕೈಪಂಪ್ ಒತ್ತಿ ಒತ್ತಿ ಹೆಬ್ಬೆರಳಿಗೆ ಬೊಬ್ಬೆ ಬಂತು. ಬಂಕ್‌ನಲ್ಲಾದರೆ ಡೆನ್ಸಿಟಿ ತೋರಿಸಿ ಅನ್ನಬಹುದು. ಜಾಡಿ, ಹೈಡ್ರೋಮೀಟರ್ ಇಟ್ಟಿರಲೇಬೇಕು. 15 ಡಿಗ್ರಿ ಲೆಕ್ಕಕ್ಕೆ ಘನ ಮೀಟರ್‌ಗೆ 810ರಿಂದ 845 ಕಿಲೋ ಒಳಗೆ ಬರಬೇಕು. ಅಳತೆ ಮೇಲೆ ಅನುಮಾನ ಇದ್ದರೆ ಐದು ಲೀಟರ್ ಮಾಪನದಲ್ಲಿ ಹಿಡಿಸಿ ನೋಡಬಹುದು. ಶೆಡ್‌ನಲ್ಲಿ ಯಾರನ್ನು ಕೇಳ್ತೀರಿ?

ಹಾಗಾಗಿ ಮಾಮೂಲಿ ಡೀಸೆಲ್, ಒಂದೇ ಬಂಕ್, ದಾವಣಗೆರೆ ಬಿಡುವ ಮುಂಚೆ ಟ್ಯಾಂಕ್ ಫುಲ್. ಲಾರಿಗಳು ಸಾಲು ನಿಲ್ಲುವ ಬಂಕ್ ಆದ್ದರಿಂದ ಅವರ ಟ್ಯಾಂಕ್‌ನಲ್ಲಿ ಹಳೆ ಸರಕು ಕೂತಿರಲ್ಲ. ಮುಂಚೆ ಹೊಸೂರು ದಾಟಿದರೆ ಲೀಟರ್‌ಗೆ ಆರು ರೂಪಾಯಿ ಜಾಸ್ತಿ ಇತ್ತು. 2024ರ ಜೂನ್‌ನಲ್ಲಿ ನಮ್ಮ ಸರ್ಕಾರದವರು ಮೂರು ರೂಪಾಯಿ ಏರಿಸಿದರು, 2025ರ ಏಪ್ರಿಲ್‌ನಲ್ಲಿ ಇನ್ನೆರಡು. ಈಗ ಆ ಲಾಭ ಹೆಚ್ಚೇನೂ ಉಳಿದಿಲ್ಲ, ಅಭ್ಯಾಸ ಉಳಿದಿದೆ.

ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕ್‌ಗೆ ಹಾಕುವ ಯೂರಿಯಾ ನೀರಿನ ವಿಷಯದಲ್ಲಿ ಹೋಲಿಕೆಯೇ ಬೇಡ. ಸೀಲ್ ಇರುವ ಕ್ಯಾನ್ ಮಾತ್ರ. ಹೊಲದ ಯೂರಿಯಾ ಕಲಸಿ ಹಾಕುವವರನ್ನು ಕಂಡಿದ್ದೇನೆ. ಅದಕ್ಕೆ ಬೇವಿನೆಣ್ಣೆ ಲೇಪ ಇರುತ್ತೆ, ಮೇಲಾಗಿ ಅದು ರೈತರ ಸಬ್ಸಿಡಿ ಮಾಲು.

ಸಿಐ-4 ಪ್ಲಸ್ ಕೆಟ್ಟ ಆಯಿಲ್ ಅಂತ ಮಾತ್ರ ಓದಿಕೊಳ್ಳಬೇಡಿ. ಹಳೆ ಲಾರಿಯಲ್ಲಿ ಡಿಪಿಎಫ್ ಇಲ್ಲ. ನಾಲ್ಕು ಲಕ್ಷ ಕಿಲೋಮೀಟರ್ ಆ ಆಯಿಲ್‌ನಲ್ಲೇ ಓಡಿದೆ, ಎಂಜಿನ್ ಇನ್ನೂ ಬಿಚ್ಚಿಲ್ಲ. ಹೊಸ ಲಾರಿಗೆ ಅಂತ ತಂದಿದ್ದ ನಾಲ್ಕನೇ ಬಕೆಟ್ ನಮ್ಮ ಶೆಡ್‌ನಲ್ಲಿ ಹಾಗೇ ಇದೆ. ಮೇಲೆ ಸೀಮೆಸುಣ್ಣದಲ್ಲಿ 'ಹಳೇದಕ್ಕೆ' ಅಂತ ಬರೆದಿಟ್ಟಿದ್ದೇನೆ. ದೀಪಾವಳಿ ಹೊತ್ತಿಗೆ ಅದನ್ನು ಸುರಿಸಬೇಕು. ಕೂಪನ್ ಮೇಸ್ತ್ರಿಗೇ.