ಡೆಕ್ ಕೆಳಗಿನ ಒಪಾಸಮ್: ನಾತವೋ, ಬೋನೋ, ಬಾಗಿಲೋ?

ಅಮೆರಿಕದಲ್ಲಿ ಮನೆಯ ಡೆಕ್ (ನೆಲದಿಂದ ತುಸು ಮೇಲೆ ಕಟ್ಟಿದ ಮರದ ಜಗಲಿ) ಕೆಳಗೆ ಒಪಾಸಮ್, ಅಂದರೆ ಹೊಟ್ಟೆಚೀಲದಲ್ಲಿ ಮರಿ ಸಾಕುವ ಬೆಕ್ಕಿನ ಗಾತ್ರದ ಪ್ರಾಣಿ, ಸೇರಿಕೊಂಡರೆ ಹೆಚ್ಚಿನವರು ಮೊದಲು ಕೊಳ್ಳುವುದು ಬೋನು. ಕೈಯಾರೆ ಮಾಡಿ ನೋಡಿದ ಮೇಲೆ ಅದಕ್ಕೆ ಎರಡನೇ ಸ್ಥಾನವಷ್ಟೇ. ಒಪಾಸಮ್ ತಾನಾಗಿ ಬಿಲ ತೋಡುವುದು ಅಪರೂಪ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದ ಹಾಗೆ, ಸ್ಕಂಕ್ (ನಾತದ ದ್ರವ ಚಿಮ್ಮಿಸುವ ಪ್ರಾಣಿ) ಅಥವಾ ಗ್ರೌಂಡ್‌ಹಾಗ್ (ಬಿಲ ತೋಡುವ ದೊಡ್ಡ ಅಳಿಲಿನ ಜಾತಿ) ತೋಡಿಟ್ಟ ಜಾಗಕ್ಕೆ ಬಂದು, ಕೆಲವು ದಿನ ಇದ್ದು ಹೋಗುತ್ತದೆ. ಅದನ್ನು ಹಿಡಿದೊಯ್ದರೂ ತೂತು ಅಲ್ಲೇ ಇರುತ್ತದೆ. ಮುಂದಿನ ಬಾಡಿಗೆದಾರ ಬರುತ್ತಾನೆ.

ನಾತದಿಂದ ಪ್ರಾಣಿಯನ್ನು ಓಡಿಸುವ ಮದ್ದಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಗಾಳಿಯಾಡುವ ಜಾಗದಲ್ಲಿ ಅಮೋನಿಯಾ ಬೇಗ ಆರಿಹೋಗುತ್ತದೆ. ನುಸಿಗುಳಿಗೆಯನ್ನು ಹೀಗೆ ಹೊರಗೆ ಚೆಲ್ಲುವುದು ಅಲ್ಲಿ ಕಾನೂನುಬಾಹಿರ, ಮಕ್ಕಳಿಗೂ ಅಪಾಯ. ನಮ್ಮ ಕಿವಿಗೆ ಕೇಳದ ಸದ್ದಿನಿಂದ ಪ್ರಾಣಿ ಓಡಿಸುತ್ತೇವೆನ್ನುವ ಅಲ್ಟ್ರಾಸಾನಿಕ್ ಡಬ್ಬಿಗೆ ಕೊಟ್ಟ ದುಡ್ಡು ದಂಡ.

ಬೋನು ಸುಮಾರು 32 ಇಂಚು ಉದ್ದ, 10 ಇಂಚು ಅಗಲ, 12 ಇಂಚು ಎತ್ತರ ಇದ್ದರೆ ಸಾಕು. ಕಳಿತ ಬಾಳೆಹಣ್ಣನ್ನು ತುಳಿಹಲಗೆಯ ಆಚೆ ತುದಿಯಲ್ಲಿಡಿ. ಮೀನು ಇಟ್ಟರೆ ಪಕ್ಕದ ಮನೆ ಬೆಕ್ಕೋ, ಇನ್ನೂ ಕೆಟ್ಟದಾಗಿ ಸ್ಕಂಕೋ ಬೀಳುತ್ತದೆ. ಮುಸ್ಸಂಜೆಗೆ ಹೂಡಿ, ಬೆಳಗಾಗುತ್ತಲೇ ನೋಡಬೇಕು, ಬಿಸಿಲಿಗೆ ಬಿಟ್ಟರೆ ಪ್ರಾಣಿ ಸಾಯುತ್ತದೆ. ಸತ್ತಂತೆ ಬಿದ್ದಿದ್ದರೂ ಕೈ ಹಾಕಬೇಡಿ, ಬಾಯಲ್ಲಿ 50 ಹಲ್ಲುಗಳಿವೆ. ದೊಡ್ಡ ತೊಡಕು ಆಮೇಲಿನದು: ಹಿಡಿದದ್ದನ್ನು ಬೇರೆಡೆ ಬಿಡುವುದಕ್ಕೆ ಹಲವು ರಾಜ್ಯಗಳಲ್ಲಿ ನಿಷೇಧವಿದೆ. ರಾಜ್ಯದ ವನ್ಯಜೀವಿ ಇಲಾಖೆಯನ್ನು ಕೇಳದೆ ಬೋನು ಹೂಡಬಾರದು.

ಗೆಲ್ಲುವುದು ಒಂದೇ ಕಡೆ ತೆರೆಯುವ ಬಾಗಿಲು. ಡೆಕ್ ಸುತ್ತಲ ತೂತುಗಳಿಗೆಲ್ಲ ಮೊದಲು ಮುದುಡಿದ ಪೇಪರ್ ತುರುಕಿ; ಯಾವುದು ಕಿತ್ತುಬಂದಿದೆಯೋ ಅದೇ ಓಡಾಟದ ದಾರಿ. ಅದೊಂದನ್ನು ಬಿಟ್ಟು ಉಳಿದದ್ದಕ್ಕೆ ಅರ್ಧ ಇಂಚು ಕಣ್ಣಿನ ಹಾರ್ಡ್‌ವೇರ್ ಕ್ಲಾತ್ ಬಿಗಿಯಿರಿ. ಹೆಸರಿಗೆ ಕ್ಲಾತ್, ವಾಸ್ತವದಲ್ಲಿ ಸತು ಲೇಪಿಸಿದ ತಂತಿಬಲೆ. ಕೋಳಿಗೂಡಿನ ಜಾಲರಿ ಬೇಡ, ತುಕ್ಕು ಹಿಡಿದು ಹರಿಯುತ್ತದೆ. ಸ್ಟೇಪಲ್ ಕಿತ್ತುಬರುತ್ತದೆ, ಸ್ಕ್ರೂ ಜೊತೆ ಅಗಲ ವಾಷರ್ ಹಾಕಿ. ಬಲೆಯ ಕೆಳತುದಿ ಅರ್ಧ ಅಡಿಯಾದರೂ ಮಣ್ಣಿನೊಳಗಿರಲಿ. ಅಲ್ಲಿಂದ ಒಂದಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಿ. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುವುದರಿಂದ ಒಳಕ್ಕೆ ಮಡಚಿದರೆ ಶ್ರಮ ವ್ಯರ್ಥ.

ಉಳಿದ ತೂತಿಗೆ ಸುಮಾರು 10 ಇಂಚು ಚದರದ, ಮೇಲ್ಗಡೆ ಕೀಲಿರುವ, ಹೊರಕ್ಕೆ ಮಾತ್ರ ತಳ್ಳಿಸಿಕೊಳ್ಳುವ ಬಾಗಿಲು ಹಾಕಿ, ಮುಂದೆ ಹಿಟ್ಟು ಚೆಲ್ಲಿ. ಹೊರಗೆ ಹೋದ ಹೆಜ್ಜೆ ಕಂಡ ಮೇಲೂ ಆ ತೂತು ಮುಚ್ಚಲು ಮೂರು ರಾತ್ರಿ ಕಾಯಬೇಕು. ಕೊರೆಯುವ ಚಳಿಯಲ್ಲಿ ಒಪಾಸಮ್ ದಿನಗಟ್ಟಲೆ ಒಳಗೇ ಇರುತ್ತದೆ. ಅವಸರಪಟ್ಟು ಮುಚ್ಚಿದರೆ ಸತ್ತು ನಾರುತ್ತದೆ. ವಸಂತ, ಬೇಸಿಗೆಯಲ್ಲಿ ಇನ್ನೊಂದು ಎಚ್ಚರ: ಹೊಟ್ಟೆಚೀಲಕ್ಕೆ ಹಿಡಿಸದಷ್ಟು ಬೆಳೆದ ಮರಿಗಳನ್ನು ತಾಯಿ ಗೂಡಲ್ಲೇ ಬಿಟ್ಟು ಮೇಯಲು ಹೋಗುವುದುಂಟು. ಮರಿ ಇರುವ ಸುಳಿವಿದ್ದರೆ ಬಾಗಿಲು ಹಾಕಬೇಡಿ.

ಏನೂ ಮಾಡದಿರುವುದೂ ಒಂದು ದಾರಿಯೇ. ಬೆಕ್ಕಿನ ತಟ್ಟೆ ರಾತ್ರಿ ಒಳಗಿಟ್ಟು, ಉದುರಿದ ಹಣ್ಣು ಆರಿಸಿ, ಕಸದ ಡಬ್ಬಿ ಮುಚ್ಚಿದರೆ ಅದು ತಾನೇ ಜಾಗ ಬದಲಿಸುವ ಸಂಭವ ಹೆಚ್ಚು. ರೇಬಿಸ್ ಕೂಡ ಇದರಲ್ಲಿ ತೀರಾ ಅಪರೂಪ. ಕುದುರೆ ಸಾಕಿದವರಿಗೆ ಮಾತ್ರ ಈ ಧಾರಾಳ ಹೊಂದದು. ಒಪಾಸಮ್ ಹಿಕ್ಕೆ ಬಿದ್ದ ಮೇವಿನ ಮೂಲಕ ಸಾರ್ಕೋಸಿಸ್ಟಿಸ್ ನ್ಯೂರೋನಾ ಎಂಬ ಪರಜೀವಿ ಕುದುರೆಯ ದೇಹ ಸೇರಿ, ಬೆನ್ನುಹುರಿಗೆ ಹಾನಿ ಮಾಡಿ ನಡಿಗೆಯನ್ನೇ ಕೆಡಿಸಬಲ್ಲದು. ಅಂಥವರು ಮೇವಿನ ಕೋಣೆಗೇ ಮೊದಲು ಬಲೆ ಹೊಡೆಯಲಿ.