ಗೇಟಿನ ಕ್ಯಾಮೆರಾ ರಾತ್ರಿ ಆರುತ್ತಿದ್ದುದು ಏಕೆ: ಗಂಗಾವತಿಯ ಅಳವಡಿಕೆ ಸೇವೆಯೊಂದರ ವಿಮರ್ಶೆ

ಗಂಗಾವತಿಯ ಹೊರವಲಯದಲ್ಲಿರುವ ನಮ್ಮ ಅಕ್ಕಿ ಗಿರಣಿಗೆ 8 ಮೆಗಾಪಿಕ್ಸೆಲ್‌ನ ಎಂಟು ಸಿಸಿ ಕ್ಯಾಮೆರಾಗಳನ್ನು ಹಾಕಿಸಿದ್ದೆವು. ಹಗಲಿನಲ್ಲಿ ವೇಬ್ರಿಡ್ಜ್ ಮೇಲೆ ನಿಂತ ಲಾರಿಯ ನಂಬರನ್ನೂ ಹಮಾಲರು ಹೊರುವ ಚೀಲಗಳನ್ನೂ ಅವು ನಿಚ್ಚಳವಾಗಿ ತೋರಿಸುತ್ತಿದ್ದರೂ, ಗೇಟಿನ ಬಳಿಯದು ಮಾತ್ರ ಕತ್ತಲಾದೊಡನೆ ಆರುವುದು, ತಾನೇ ಚಾಲೂ ಆಗುವುದು, ಮತ್ತೆ ಆರುವುದು ಹೀಗೇ ನಡೆದಿತ್ತು. ಮೊದಲು ಅಳವಡಿಸಿದವರು ಕ್ಯಾಮೆರಾವನ್ನೇ ಎರಡು ಸಲ ಬದಲಿಸಿದರೂ ದೋಷ ಹೋಗಲಿಲ್ಲ.

ಬಳಿಕ ಕರೆಸಿದ, ಇದೇ ಊರಿನ ಇನ್ನೊಂದು ಸೇವೆಯವರು ಕ್ಯಾಮೆರಾವನ್ನು ಮುಟ್ಟದೆ ಕೇಬಲ್ಲಿನ ತುದಿಯನ್ನು ಕೆರೆದು ನೋಡಿದರು. ಮೇಲೆ ತಾಮ್ರದ ಲೇಪವಿತ್ತು, ಒಳಗಿದ್ದುದು ಅಲ್ಯೂಮಿನಿಯಂ. ಅಲ್ಯೂಮಿನಿಯಂ ತಂತಿಯ ವಿದ್ಯುತ್ ರೋಧವು ಅಷ್ಟೇ ದಪ್ಪದ ತಾಮ್ರದ ತಂತಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಸಾಲದ್ದಕ್ಕೆ, 100 ಮೀಟರ್ ಮೀರಬಾರದ ಕೇಬಲ್ಲನ್ನು 140 ಮೀಟರ್ ಎಳೆದಿದ್ದರು. ಸಾಮಾನ್ಯ ಪಿಒಇ ಸ್ವಿಚ್ಚಿನ (ಚಿತ್ರ ಸಾಗುವ ಕೇಬಲ್ಲಿನಲ್ಲೇ ಕ್ಯಾಮೆರಾಗೆ ವಿದ್ಯುತ್ತನ್ನೂ ಕಳಿಸುವ ಪೆಟ್ಟಿಗೆ) ಒಂದು ಪೋರ್ಟ್ 15.4 ವ್ಯಾಟ್ ಕೊಟ್ಟರೆ, ನಿಯಮದಂತೆ ಎಳೆದ ಕೇಬಲ್ಲಿನಲ್ಲಿಯೂ ಕ್ಯಾಮೆರಾಗೆ ಖಾತರಿಯಾಗಿ ತಲುಪುವುದು 12.95 ವ್ಯಾಟ್ ಮಾತ್ರ. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಬೇಡಿಕೆ ಏರಿದಾಗ ವೋಲ್ಟೇಜ್ ಕುಸಿದು ಕ್ಯಾಮೆರಾ ಆರುತ್ತಿತ್ತೆಂಬುದನ್ನು ಅವರು ಮೀಟರ್ ಹಿಡಿದು ನನಗೆ ತೋರಿಸಿಕೊಟ್ಟರು. ಈ ಒಂದು ಪರೀಕ್ಷೆಗಾಗಿಯೇ ಅವರ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಶುದ್ಧ ತಾಮ್ರದ ಕೇಬಲ್ ಎಳೆದು, ಗೋದಾಮಿನ ಗೋಡೆಯ ಮೇಲೆ ನಡುವೆ ಇನ್ನೊಂದು ಸ್ವಿಚ್ ಕೂರಿಸಿದ ಮೇಲೆ ಗೇಟಿನ ಚಿತ್ರ ಒಂದು ರಾತ್ರಿಯೂ ತಪ್ಪಿಲ್ಲ.

ಕ್ಯಾಮೆರಾಗಳ ದೃಶ್ಯಗಳ ದಾಖಲೆ ಆರು ದಿನವೂ ಉಳಿಯದಿದ್ದುದಕ್ಕೂ ಅವರೇ ಲೆಕ್ಕ ಕೊಟ್ಟರು. ಸೆಕೆಂಡಿಗೆ 8 ಮೆಗಾಬಿಟ್‌ನಂತೆ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 86 ಜಿಬಿ ತುಂಬುತ್ತದೆ. ಎಂಟು ಸೇರಿದರೆ 690 ಜಿಬಿ. ನಮ್ಮಲ್ಲಿದ್ದುದು 4 ಟಿಬಿಯ ಡಿಸ್ಕ್. ರೆಕಾರ್ಡರನ್ನು ಎಚ್.265 ಎಂಬ, ವಿಡಿಯೊವನ್ನು ಹೆಚ್ಚು ಕುಗ್ಗಿಸಿಡುವ ವಿಧಾನಕ್ಕೆ ಬದಲಿಸಿ, ಹರಿವನ್ನು 4 ಮೆಗಾಬಿಟ್‌ಗೆ ಇಳಿಸಿದ್ದರಿಂದ ಈಗ ಹನ್ನೊಂದು ದಿನಗಳ ದೃಶ್ಯ ಸಿಗುತ್ತಿದೆ. ತೂಕದ ತಕರಾರು ಸಾಮಾನ್ಯವಾಗಿ ವಾರದೊಳಗೆ ಬರುವುದರಿಂದ ನಮಗೆ ಇಷ್ಟು ಸಾಕು.

ಒಂದು ಕೊರತೆಯನ್ನು ಹೇಳಲೇಬೇಕು. ನಡುವಿನ ಸ್ವಿಚ್ಚನ್ನು ಅವರು ಮೊದಲು ತೆರೆದ ಪೆಟ್ಟಿಗೆಯಲ್ಲಿಟ್ಟು ಹೋಗಿದ್ದರು; ಹದಿನೈದು ದಿನಗಳಲ್ಲಿ ತೌಡಿನ ಧೂಳು ಅದರ ಮೇಲೆ ಬೆರಳಿನಿಂದ ಗೀರುವಷ್ಟು ಕೂತಿತ್ತು. ಕೇಳಿದ ಮರುದಿನವೇ ರಬ್ಬರ್ ಅಂಚಿನ ಮುಚ್ಚಿದ ಪೆಟ್ಟಿಗೆ ತಂದು ಹಾಕಿದರಾದರೂ, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರು ಅದನ್ನು ಮೊದಲ ದಿನವೇ ತರಬೇಕಿತ್ತು.